ದೊರೆಯ ತೋಟದಲ್ಲಿ ಕುಂಡ ಯಾಕೆ?

1/6

ಮೊದಲ ಫೋಟೊ ನೋಡಿ. ಸೊಂಟದ ಮಟ್ಟಕ್ಕೆ ಬರುವ ಮಣ್ಣಿನ ಕುಂಡ, ಅದರಲ್ಲಿ ಆಳೆತ್ತರದ ನಿಂಬೆ ಗಿಡ. ಅಂಥವು ನೂರಾರು, ಸಾಲುಸಾಲಾಗಿ. ಇದು ಇಟಲಿಯ ಫ್ಲಾರೆನ್ಸ್ ನಗರದ ಹೊರಗಿನ ಕಾಸ್ಟೆಲ್ಲೊ ಎಂಬಲ್ಲಿರುವ ಮೆಡಿಚಿ ಮನೆತನದ ತೋಟ. 1537ರಲ್ಲಿ ಪಟ್ಟಕ್ಕೆ ಬಂದ ಒಂದನೇ ಕೋಸಿಮೊ ಶಿಲ್ಪಿ ತ್ರಿಬೊಲೊನನ್ನು ಕರೆಸಿ ಮಾಡಿಸಿದ್ದು.

ಈಗ ನಿಮ್ಮ ತಲೆಗೆ ಬರಬೇಕಾದ ಪ್ರಶ್ನೆ: ಎಕರೆಗಟ್ಟಲೆ ನೆಲ ಇರುವ ದೊರೆಗೆ ಕುಂಡ ಯಾಕೆ ಬೇಕಿತ್ತು?

ನಮ್ಮಲ್ಲಿ ಕುಂಡ ಅಂದರೆ ಜಾಗ ಇಲ್ಲದವರ ಉಪಾಯ. ಬಾಲ್ಕನಿ, ತಾರಸಿ, ಕಾಂಪೌಂಡ್ ಗೋಡೆ ಮೇಲಿನ ಸಾಲು. ಹಾಗಾಗಿ ದೊರೆಯ ತೋಟದ ಕುಂಡವನ್ನು ನೋಡಿದರೆ ಬರೀ ಶೋಕಿ ಅನ್ನಿಸುತ್ತದೆ. ಶೋಕಿಯೂ ಹೌದು, ಇಲ್ಲ ಅನ್ನಲ್ಲ. ಆದರೆ ಮೂಲ ಕಾರಣ ಹವೆ.

ಮೆಡಿಟರೇನಿಯನ್ ಹವೆ ನಮ್ಮದಕ್ಕೆ ಸರಿಯಾಗಿ ಉಲ್ಟಾ. ನಮಗೆ ಮಳೆ ಸುರಿಯುವ ಜೂನ್, ಜುಲೈ, ಆಗಸ್ಟ್‌ನಲ್ಲಿ ಅಲ್ಲಿ ಬಿರುಬಿಸಿಲು, ಮಳೆ ಅಪರೂಪ. ಮಳೆ ಬೀಳೋದು ಚಳಿಗಾಲದಲ್ಲಿ, ಗಿಡ ಬೆಳೆಯಲು ಮನಸ್ಸು ಮಾಡದ ಹೊತ್ತಿನಲ್ಲಿ. ಅಂದರೆ ಗಿಡಕ್ಕೆ ವರ್ಷದಲ್ಲಿ ಎರಡು ಪರೀಕ್ಷೆ. ಸಿಸಿಲಿಯಂಥ ದಕ್ಷಿಣದ ಜಾಗದಲ್ಲಿ ಚಳಿಯ ಪರೀಕ್ಷೆ ಸುಲಭ, ಅಲ್ಲಿ ನಿಂಬೆ ನೆಲದಲ್ಲೇ ಬೆಳೆಯುತ್ತದೆ. ಫ್ಲಾರೆನ್ಸ್ ಈ ಹವೆಯ ಉತ್ತರದ ಅಂಚು. ಅಲ್ಲಿ ಹತ್ತು ವರ್ಷ ಎಲ್ಲ ಚೆನ್ನಾಗಿರುತ್ತದೆ, ಹನ್ನೊಂದನೇ ವರ್ಷ ಒಂದು ರಾತ್ರಿಯ ಹಿಮ ಬಂದು ಎಲ್ಲ ಮುಗಿಸಿಬಿಡುತ್ತದೆ. 1985ರ ಜನವರಿ 12ರಂದು ಫ್ಲಾರೆನ್ಸಿನ ವಿಮಾನ ನಿಲ್ದಾಣದಲ್ಲಿ ಸೊನ್ನೆಗಿಂತ 23.2 ಡಿಗ್ರಿ ಕೆಳಗಿನ ತಾಪಮಾನ ದಾಖಲಾಯಿತು. ಆ ವಾರ ಟಸ್ಕನಿಯಲ್ಲಿ ತಲೆಮಾರುಗಳಿಂದ ನಿಂತಿದ್ದ ಆಲಿವ್ ಮರಗಳೇ ಬುಡದವರೆಗೆ ಸತ್ತವು. ಇನ್ನು ನಿಂಬೆಯ ಪಾಡೇನು?

ಹಾಗಾಗಿ ಅಲ್ಲಿ ಕುಂಡ ಎನ್ನುವುದು ಚಲಿಸುವ ನೆಲ. ಯಾವ ಗಿಡಕ್ಕೆ ಕುಂಡ, ಯಾವುದಕ್ಕೆ ನೆಲ ಎಂಬ ಆಯ್ಕೆ ಅಲ್ಲಿನವರು ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲದಿಂದ ಮಾಡುತ್ತಾ ಬಂದದ್ದು. ಈ ಸರಣಿಯಲ್ಲಿ ಆ ಆಯ್ಕೆಯ ಕಥೆ.

2/6

ತುಂಬ ಹಿಂದಕ್ಕೆ ಹೋಗೋಣ. ಗ್ರೀಸಿನ ಥಿಯೋಫ್ರಾಸ್ಟಸ್, ಅರಿಸ್ಟಾಟಲನ ಶಿಷ್ಯ, ಸಸ್ಯಗಳ ಬಗ್ಗೆ ಬರೆದ ಪುಸ್ತಕದಲ್ಲಿ ಪರ್ಷಿಯ ಕಡೆಯ ಒಂದು ಹಣ್ಣಿನ ಮಾತು ಬರುತ್ತದೆ. ಆ ಹಣ್ಣನ್ನು ತಿನ್ನುವುದಿಲ್ಲ, ಪರಿಮಳ ಮಾತ್ರ ಜೋರು, ಬಟ್ಟೆಗಳ ನಡುವೆ ಇಟ್ಟರೆ ನುಸಿ ಹಿಡಿಯುವುದಿಲ್ಲ. ಗೊತ್ತಾಯ್ತಲ್ಲ? ನಮ್ಮ ಮಾದಳ. ಅದರ ಬೀಜವನ್ನು ತೂತು ಮಾಡಿದ ಮಣ್ಣಿನ ಪಾತ್ರೆಯಲ್ಲೂ ಬಿತ್ತುತ್ತಾರೆ, ಖರ್ಜೂರದ ಹಾಗೆಯೇ, ಎಂದು ಅವನು ಬರೆದಿದ್ದಾನೆ. ಅದು ಕ್ರಿ.ಪೂ. 300ರ ಆಸುಪಾಸು.

ಮುನ್ನೂರಕ್ಕೂ ಹೆಚ್ಚು ವರ್ಷಗಳ ಮೇಲೆ ರೋಮಿನ ಪ್ಲಿನಿ ಅದೇ ಗಿಡದ ವಿಚಾರ ಎತ್ತುತ್ತಾನೆ. ಬೇರಿಗೆ ಗಾಳಿ ಆಡಲು ತೂತು ಬಿಟ್ಟ ಮಣ್ಣಿನ ಕುಂಡದಲ್ಲಿ ಅದನ್ನು ತಮ್ಮ ನಾಡಿಗೆ ಒಯ್ಯಲು ಹಲವು ದೇಶದವರು ನೋಡಿದರು, ಆದರೆ ಅದು ತನ್ನ ಊರು ಬಿಟ್ಟು ಬೇರೆಲ್ಲೂ ಬೆಳೆಯಲು ಒಪ್ಪಲಿಲ್ಲ ಅಂತ. ಮುಂದೆ ಒಪ್ಪಿತು, ಅದು ಬೇರೆ ಮಾತು. ಕುಂಡ ಮತ್ತು ನಿಂಬೆಯ ಜಾತಿಯ ಗಿಡಗಳ ನಂಟು ಇಷ್ಟು ಹಳೆಯದು ಎಂಬುದಷ್ಟೇ ಇಲ್ಲಿ ಮುಖ್ಯ.

ಎರಡನೇ ಫೋಟೊ ಅಥೆನ್ಸಿನ ಹೆಫೆಸ್ಟಸ್ ದೇವಾಲಯದ್ದು. 1930ರ ದಶಕದಲ್ಲಿ ಇಲ್ಲಿ ಅಗೆದ ಅಮೆರಿಕನ್ ಪುರಾತತ್ವಜ್ಞೆ ಡೊರೊತಿ ಬರ್ ಥಾಮ್ಸನ್ ಅವರಿಗೆ ಗುಡಿಯ ಸುತ್ತ, ಕಂಬಗಳ ಸಾಲಿಗೆ ಹೊಂದಿಕೊಂಡಂತೆ, ಬಂಡೆಯಲ್ಲಿ ಕೊರೆದ ಗುಂಡಿಗಳ ಸಾಲು ಸಿಕ್ಕಿತು. ಗುಂಡಿಗಳ ತಳದಲ್ಲಿ ಒಡೆದ ಹೂಕುಂಡಗಳು. ಕ್ರಿ.ಪೂ. ಮೂರನೇ ಶತಮಾನದಲ್ಲಿ ಶುರುವಾದ ತೋಟ ಅದು.

ಕುಂಡ ಒಡೆದದ್ದು ಯಾಕೆ? ಇದಕ್ಕೆ ಉತ್ತರ ಕೊಡುವವನು ರೋಮಿನ ಕ್ಯಾಟೊ, ಕ್ರಿ.ಪೂ. ಎರಡನೇ ಶತಮಾನದ ಮಹಾ ಜಿಪುಣ ಜಮೀನ್ದಾರ. ಅವನ ಕೃಷಿ ಪುಸ್ತಕದ ವಿಧಾನ ಹೀಗಿದೆ: ತೂತಿರುವ ಕುಂಡದೊಳಗೆ ಮರದ ಎಳೆ ಕೊಂಬೆಯನ್ನು ತೂರಿಸಿ, ಮಣ್ಣು ತುಂಬಿ, ಅದುಮಿ, ಮರದ ಮೇಲೇ ಬಿಡಿ. ಎರಡು ವರ್ಷಕ್ಕೆ ಕೊಂಬೆ ಬೇರು ಬಿಟ್ಟಿರುತ್ತದೆ. ಕೆಳಗೆ ಕತ್ತರಿಸಿ, ಕುಂಡ ಒಡೆದು, ಅದರ ಸಮೇತ ಗುಂಡಿಗೆ ಇಳಿಸಿ. ನಮ್ಮ ನರ್ಸರಿಯವರು ದಾಳಿಂಬೆಗೆ, ನಿಂಬೆಗೆ ಗೂಟಿ ಕಟ್ಟುತ್ತಾರಲ್ಲ, ಅದೇ. ಪಾಚಿ, ಪ್ಲಾಸ್ಟಿಕ್ ಹಾಳೆಯ ಬದಲು ಕುಂಡ, ಅಷ್ಟೇ ವ್ಯತ್ಯಾಸ.

ಪಾಂಪೆಯಲ್ಲೂ ಇಂಥ ಕುಂಡಗಳು ಸಿಕ್ಕಿವೆ. ತಳದಲ್ಲಿ ಒಂದು ತೂತು, ಬದಿಯಲ್ಲಿ ಮೂರು. ಬದಿಯ ತೂತು ನೀರು ಹೋಗಲಿಕ್ಕಲ್ಲ, ಬೇರು ಹೊರಗೆ ಹೋಗಲಿಕ್ಕೆ. ಇವತ್ತು ನೀವು ಅಂಗಡಿಯಲ್ಲಿ ಕೊಳ್ಳುವ ಕುಂಡಕ್ಕೂ ಅದಕ್ಕೂ ಇರುವ ವ್ಯತ್ಯಾಸ ಇದು: ಅದು ಗಿಡದ ಮನೆ ಅಲ್ಲ, ಗಿಡ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವಾಗಿನ ಡೋಲಿ.

ಇನ್ನೊಂದು ಕಥೆ ಹೇಳದೆ ಬಿಡಲಾರೆ. ರೋಮಿನ ಉತ್ತರಕ್ಕೆ ಪ್ರಿಮಾ ಪೋರ್ತಾ ಎಂಬಲ್ಲಿ ಅಗಸ್ಟಸ್ ಚಕ್ರವರ್ತಿಯ ಹೆಂಡತಿ ಲಿವಿಯಾಳ ಮನೆ ಇತ್ತು. ಒಂದು ದಿನ ಹದ್ದೊಂದು ಅವಳ ಮಡಿಲಿಗೆ ಬಿಳಿ ಕೋಳಿಯನ್ನು ಬೀಳಿಸಿತಂತೆ, ಕೋಳಿಯ ಕೊಕ್ಕಿನಲ್ಲಿ ಲಾರೆಲ್ ಗಿಡದ ಕಡ್ಡಿ. ಕಡ್ಡಿ ನೆಟ್ಟರು, ತೋಪಾಯಿತು. ವಿಜಯದ ಮೆರವಣಿಗೆಗೆ ಹೊರಟ ಚಕ್ರವರ್ತಿಗಳು ಅಲ್ಲಿಂದಲೇ ಲಾರೆಲ್ ತರಿಸುತ್ತಿದ್ದರಂತೆ. (ಲಾರೆಲ್ ಅಂದರೆ ನಮ್ಮ ಪಲಾವ್ ಎಲೆಯಲ್ಲ. ನಮ್ಮದು ದಾಲ್ಚಿನ್ನಿಯ ಬಳಗ, ಅದು ಬೇರೆ ಮರ.) ನೀರೊ ಸಾಯುವ ವರ್ಷ ಇಡೀ ತೋಪು ಒಣಗಿತು ಎಂದು ಸ್ಯುಟೋನಿಯಸ್ ಬರೆಯುತ್ತಾನೆ. ಹದ್ದು, ಕೋಳಿ ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಆದರೆ ಇತ್ತೀಚಿನ ಉತ್ಖನನದಲ್ಲಿ ಆ ಮನೆಯ ಆವರಣದಲ್ಲೂ ತೂತಿನ ಕುಂಡಗಳು ಸಿಕ್ಕಿವೆ.

3/6

ಮತ್ತೆ ಫ್ಲಾರೆನ್ಸಿಗೆ ಬನ್ನಿ. ಈ ನಗರದ ದಕ್ಷಿಣಕ್ಕೆ ಇಂಪ್ರುನೆತಾ ಎಂಬ ಊರಿದೆ. ನಮ್ಮಲ್ಲಿ ಪಾಟರಿ ಟೌನ್ ಇದ್ದ ಹಾಗೆ, ಇಡೀ ಊರು ಪ್ರಸಿದ್ಧಿ ಪಡೆದದ್ದೇ ಮಣ್ಣಿನ ಕೆಲಸದಿಂದ. ಹದಿನಾಲ್ಕನೇ ಶತಮಾನದ ಆರಂಭದಲ್ಲೇ ಇಲ್ಲಿ ಕುಂಬಾರರ ಸಂಘ ಇತ್ತು. ಇಲ್ಲಿನ ಮಣ್ಣಿನ ಕುಂಡಕ್ಕೆ ಒಂದು ಗುಣ: ಚೆನ್ನಾಗಿ ಸುಟ್ಟರೆ ಹಿಮಕ್ಕೆ ಬಿರಿಯುವುದಿಲ್ಲ. ಸಾಮಾನ್ಯ ಕುಂಡದ ಗೋಡೆಯೊಳಗೆ ಸೇರಿದ ನೀರು ಹೆಪ್ಪುಗಟ್ಟಿ ಹಿಗ್ಗಿದರೆ ಕುಂಡ ಹೋಳು. ನಿಂಬೆಗೆ ಬಳಸುವ ದೊಡ್ಡ ಕುಂಡಕ್ಕೆ ಅಲ್ಲಿ ‘ಕೊಂಕ’ ಅನ್ನುತ್ತಾರೆ. ಅಗಲ ಬಾಯಿ, ದಪ್ಪ ಅಂಚು, ಹೊಟ್ಟೆಯ ಮೇಲೆ ಹಾರದ ಅಲಂಕಾರ. ಅಂಚು ದಪ್ಪ ಇರೋದು ಚೆಂದಕ್ಕೆ ಅಂದುಕೊಳ್ಳಬೇಡಿ, ನಾಲ್ಕು ಜನ ಹಿಡಿದು ಎತ್ತಬೇಕಲ್ಲ.

ಯಾಕಂದರೆ ವರ್ಷಕ್ಕೆರಡು ಸಲ ಎತ್ತಲೇಬೇಕು. ಅಕ್ಟೋಬರ್ ಕೊನೆಯ ಹೊತ್ತಿಗೆ ಒಳಗೆ, ಏಪ್ರಿಲ್ ಕೊನೆ ಅಥವಾ ಮೇ ತಿಂಗಳಲ್ಲಿ ಹೊರಗೆ. ಒಳಗೆ ಅಂದರೆ ‘ಲಿಮೊನಾಯ’, ನಿಂಬೆಮನೆ. ದಕ್ಷಿಣಕ್ಕೆ ಮುಖ ಮಾಡಿದ ಉದ್ದನೆಯ ಕಟ್ಟಡ, ಬಿಸಿಲು ಬೀಳುವ ಕಡೆಗೆ ದೊಡ್ಡ ಕಿಟಕಿಗಳು, ಉತ್ತರಕ್ಕೆ ದಪ್ಪ ಗೋಡೆ. ಫ್ಲಾರೆನ್ಸಿನ ಬೊಬೊಲಿ ತೋಟದ ಲಿಮೊನಾಯವನ್ನು 1777–78ರಲ್ಲಿ ವಾಸ್ತುಶಿಲ್ಪಿ ಜನೋಬಿ ದೆಲ್ ರೊಸ್ಸೊ ಕಟ್ಟಿಸಿದ. ಮೊದಲು ಆ ಜಾಗದಲ್ಲಿ ಮೆಡಿಚಿಗಳ ಪ್ರಾಣಿ ಸಂಗ್ರಹ ಇತ್ತು. ಪ್ರಾಣಿಗಳ ಶೋಕಿ ಹೋಗಿ ನಿಂಬೆಯ ಶೋಕಿ ಬಂತು ಅನ್ನಿ.

ಇದಕ್ಕೆ ತದ್ವಿರುದ್ಧವಾದ ಉಪಾಯ ಉತ್ತರ ಇಟಲಿಯ ಗಾರ್ದಾ ಸರೋವರದ ದಡದಲ್ಲಿದೆ. ಅಲ್ಲಿ ನಿಂಬೆ ನೆಲದಲ್ಲೇ. ಸುತ್ತ ಕಲ್ಲಿನ ಕಂಬಗಳನ್ನು ನಿಲ್ಲಿಸಿ, ಚಳಿ ಬಂದಾಗ ಮೇಲೆ ಹಲಗೆ, ಮುಂದೆ ಗಾಜು ಜೋಡಿಸಿ ಮರದ ಸುತ್ತ ಮನೆಯನ್ನೇ ಕಟ್ಟುತ್ತಿದ್ದರು. ಬೇಸಿಗೆಗೆ ಬಿಚ್ಚುತ್ತಿದ್ದರು. ಫ್ಲಾರೆನ್ಸಿನವರು ಗಿಡವನ್ನು ಮನೆಗೆ ಒಯ್ದರು, ಗಾರ್ದಾದವರು ಮನೆಯನ್ನು ಗಿಡಕ್ಕೆ ತಂದರು. ಗಾರ್ದಾದ್ದು ವ್ಯಾಪಾರದ ತೋಟ, ಹಣ್ಣು ಮಾರಿ ಬದುಕಬೇಕಿತ್ತು. ಇಟಲಿ ಒಂದಾದ ಮೇಲೆ ದಕ್ಷಿಣದ ಅಗ್ಗದ ನಿಂಬೆ ಬಂದು, ಗಿಡಕ್ಕೆ ರೋಗವೂ ಬಂದು ಬಹುಪಾಲು ಮುಚ್ಚಿಹೋಯಿತು. ಕಂಬಗಳು ಮಾತ್ರ ಇನ್ನೂ ನಿಂತಿವೆ, ಮೂರನೇ ಫೋಟೊದಲ್ಲಿ ಇರುವುದು ಅವೇ.

ಗೊಬ್ಬರದ ಬಗ್ಗೆ ಒಂದು ಮಾತು, ಗಿಡ ಸಾಕುವವರು ಖಂಡಿತ ಕೇಳುತ್ತೀರಿ. ಇಟಲಿಯಲ್ಲಿ ಕುಂಡದ ನಿಂಬೆಗೆ ಹಳೇ ಕಾಲದಿಂದ ಹಾಕುವುದು ಲುಪಿನ್ ಕಾಳು. ಮೊಳಕೆ ಬಾರದಂತೆ ಬೇಯಿಸಿಯೋ ಪುಡಿ ಮಾಡಿಯೋ ಮಣ್ಣಿಗೆ ಸೇರಿಸುತ್ತಾರೆ. ನಿಧಾನಕ್ಕೆ ಕೊಳೆತು ಸಾರಜನಕ ಕೊಡುತ್ತದೆ. ನಮ್ಮ ಹೊಂಗೆ ಹಿಂಡಿ, ಬೇವಿನ ಹಿಂಡಿ ಮಾಡುವ ಕೆಲಸವೇ.

4/6

ಈಗ ನಮ್ಮ ಕಡೆಯ ನಂಟು. ಇದು ಈ ಸರಣಿಯಲ್ಲಿ ನನಗೆ ತುಂಬ ಇಷ್ಟದ ಭಾಗ.

ಫಿಲಿಪ್ಪೊ ಸಸೆತ್ತಿ ಎಂಬ ಫ್ಲಾರೆನ್ಸಿನ ವ್ಯಾಪಾರಿ 1583ರಲ್ಲಿ ಭಾರತಕ್ಕೆ ಬಂದ. ಕೊಚ್ಚಿ, ಗೋವಾಗಳಲ್ಲಿ ಇದ್ದು 1588ರಲ್ಲಿ ಗೋವಾದಲ್ಲೇ ತೀರಿಕೊಂಡ. ಮೆಣಸಿನ ವ್ಯಾಪಾರ ಅವನ ಕಸುಬು, ಆದರೆ ಕುತೂಹಲ ವಿಪರೀತ. ಸಂಸ್ಕೃತದ ಆರು, ಏಳು, ಎಂಟು, ಒಂಬತ್ತಕ್ಕೂ ಇಟಾಲಿಯನ್ ಭಾಷೆಯ ಸಂಖ್ಯೆಗಳಿಗೂ ಹೋಲಿಕೆ ಇದೆ ಎಂದು ಮೊದಮೊದಲು ಗುರುತಿಸಿದ ಯುರೋಪಿಯನ್ನರಲ್ಲಿ ಇವನೂ ಒಬ್ಬ. ಮೆಡಿಚಿ ದೊರೆಗಳಿಗೆ ಕಾಗದ ಬರೆಯುತ್ತಿದ್ದ, ಬೀಜಗಳನ್ನು ಕಳಿಸುತ್ತಿದ್ದ.

ನೂರು ವರ್ಷದ ಮೇಲೆ, 1670ರಿಂದ 1723ರವರೆಗೆ ಆಳಿದ ಮೂರನೇ ಕೋಸಿಮೊನ ಕಾಲಕ್ಕೆ ಗೋವಾದಿಂದ ಒಂದು ಗಿಡ ಫ್ಲಾರೆನ್ಸಿಗೆ ತಲುಪಿತು. ಒತ್ತೊತ್ತಾದ ಎಸಳು, ಪುಟ್ಟ ಗುಲಾಬಿಯಂತೆ ಕಾಣುವ ಬಿಳಿ ಹೂ, ತಲೆ ಸುತ್ತಿಸುವ ಪರಿಮಳ. ಅಲ್ಲಿ ಅದಕ್ಕೆ ಇಟ್ಟ ಹೆಸರು ‘ಮುಗೆರಿನೊ’. ಜೋರಾಗಿ ಒಮ್ಮೆ ಹೇಳಿ ನೋಡಿ. ಮುಗೆರಿನೊ, ಮೊಗ್ರಾ. ಹೌದು, ಮಲ್ಲಿಗೆ! ಕೊಂಕಣಿಯ ಹೆಸರು ಪೋರ್ಚುಗೀಸರ ಬಾಯಲ್ಲಿ ತಿರುಗಿ ಇಟಲಿ ಸೇರಿತ್ತು. ಇಂಗ್ಲಿಷಿನಲ್ಲಿ ಆ ತಳಿಗೆ ಇವತ್ತಿಗೂ ‘ಗ್ರ್ಯಾಂಡ್ ಡ್ಯೂಕ್ ಆಫ್ ಟಸ್ಕನಿ’ ಎಂದೇ ಹೆಸರು. ಬೆಂಗಳೂರಿನ ನರ್ಸರಿಗಳಲ್ಲಿ ಈ ಹೆಸರಿನ ಚೀಟಿ ಕಂಡರೆ ಇಟಲಿಯ ಗಿಡ ಅಂತ ಮೋಸ ಹೋಗಬೇಡಿ. ಅದು ನಮ್ಮ ಏಳು ಸುತ್ತಿನ ಮಲ್ಲಿಗೆಯ ಬಳಗದ್ದೇ.

ದುಂಡು ಮಲ್ಲಿಗೆಗೆ ಹಿಮ ಆಗಿಬರುವುದಿಲ್ಲ. ಹಾಗಾಗಿ ಕಾಸ್ಟೆಲ್ಲೊದಲ್ಲಿ ಈ ಹೂವಿಗೆಂದೇ ಬೇರೆ ಬೆಚ್ಚನೆಯ ಮನೆ ಕಟ್ಟಿದರು: ‘ಸ್ತೂಫಾ ದೇಯಿ ಮುಗೆರಿನಿ’, ಮಲ್ಲಿಗೆಗಳ ಬಿಸಿಮನೆ. ಉಡುಪಿಯ ಶಂಕರಪುರದಲ್ಲಿ ಮನೆಯಂಗಳದಲ್ಲಿ ಬೆಳೆದು ಅಟ್ಟಿಗೆ ಲೆಕ್ಕದಲ್ಲಿ ಮಾರುವ ಹೂವಿನ ಜಾತಿಗೆ ಯುರೋಪಿನ ದೊರೆ ಕಟ್ಟಡ ಕಟ್ಟಿಸಿದ್ದ.

ದೊರೆ ಒಂದು ಕಡ್ಡಿಯನ್ನೂ ಹೊರಗೆ ಕೊಡಬಾರದೆಂದು ಅಪ್ಪಣೆ ಮಾಡಿದ್ದನಂತೆ. ಟಸ್ಕನಿಯ ಜನ ಹೇಳುವ ಕಥೆ ಹೀಗೆ: ಬಡ ತೋಟಗಾರನೊಬ್ಬ ತಾನು ಮೆಚ್ಚಿದ ಹುಡುಗಿಗೆ ಹೂವಿದ್ದ ಒಂದು ಕಡ್ಡಿ ಕೊಟ್ಟ. ಅವಳು ಮುಡಿದು ಎಸೆಯಲಿಲ್ಲ, ಮಣ್ಣಿಗೆ ಊರಿದಳು. ಚಿಗುರಿತು. ಅದರಿಂದ ಗಿಡ ಮಾಡಿ ಮಾರಿ, ಬಂದ ಹಣದಲ್ಲಿ ಇಬ್ಬರೂ ಮದುವೆಯಾದರು. ಕಥೆ ನಿಜವೋ ಸುಳ್ಳೋ, ಗಿಡದ ಮಟ್ಟಿಗೆ ಸರಿಯಾಗಿದೆ. ಇಷ್ಟು ಸುತ್ತಿನ ಮಲ್ಲಿಗೆ ಬೀಜ ಕಟ್ಟುವುದಿಲ್ಲ. ಅದು ಉಳಿಯಬೇಕಾದರೆ ಯಾರಾದರೂ ಕಡ್ಡಿ ಕತ್ತರಿಸಿ ಊರಬೇಕು.

5/6

ಹಾಗಾದರೆ ಆ ಹವೆಯಲ್ಲಿ ಕುಂಡಕ್ಕೆ ಯಾವ ಗಿಡ? ಈ ಇತಿಹಾಸ ನೋಡಿದರೆ ಎರಡು ಪಂಗಡ ಕಾಣುತ್ತವೆ.

ಒಂದು, ಹೊರಗಿನಿಂದ ಬಂದವು: ನಿಂಬೆ, ಕಿತ್ತಳೆ, ಮಾದಳ, ಮಲ್ಲಿಗೆ. ಇವುಗಳ ಕಷ್ಟ ಚಳಿ. ಎತ್ತಿ ಒಳಗಿಡುವ ಶಕ್ತಿ, ಜಾಗ ಇದ್ದರೆ ಮಾತ್ರ ಇವನ್ನು ಸಾಕಿ.

ಇನ್ನೊಂದು ಪಂಗಡ ಆ ಮಣ್ಣಿಗೆ ಒಗ್ಗಿಹೋದವು. ಲಿವಿಯಾಳ ಮನೆಯ ಒಂದು ಕೋಣೆಯ ಗೋಡೆ ತುಂಬ ತೋಟದ ಚಿತ್ರ ಇತ್ತು, ಕ್ರಿ.ಪೂ. 30–20ರ ಸುಮಾರಿನದು, ಈಗ ರೋಮಿನ ಪಲಾತ್ಸೊ ಮಾಸ್ಸಿಮೊ ವಸ್ತುಸಂಗ್ರಹಾಲಯದಲ್ಲಿದೆ (ನಾಲ್ಕನೇ ಫೋಟೊ). ಅದರಲ್ಲಿ ಲಾರೆಲ್, ಮಿರ್ಟಲ್, ದಾಳಿಂಬೆ, ಕಣಗಿಲೆ ಎಲ್ಲ ಗುರುತು ಸಿಗುವಷ್ಟು ಸ್ಪಷ್ಟ. ಕಣಗಿಲೆ ಅಂದರೆ ನಮ್ಮ ದೇವರ ಪೂಜೆಯ ಕಣಗಿಲೆಯೇ. ಎರಡು ಸಾವಿರ ವರ್ಷ ಹಿಂದಿನ ಆ ಗೋಡೆ ಇವತ್ತಿಗೂ ಒಳ್ಳೆಯ ನರ್ಸರಿ ಪಟ್ಟಿ ಎಂಬುದು ನನ್ನ ಅಭಿಪ್ರಾಯ. ಅಥೆನ್ಸಿನ ಆ ಗುಡಿಯ ಸುತ್ತ ಕೂಡ ಈಗ ಮತ್ತೆ ನೆಟ್ಟಿರುವುದು ದಾಳಿಂಬೆ ಮತ್ತು ಮಿರ್ಟಲ್.

ಈ ಪಂಗಡದ ಗಿಡಗಳಿಗೆ ಚಳಿ ಅಷ್ಟು ದೊಡ್ಡ ಸಮಸ್ಯೆ ಅಲ್ಲ. ಕುಂಡದಲ್ಲಿ ಇವುಗಳ ಕಷ್ಟ ಬೇಸಿಗೆ. ನೆಲದಲ್ಲಿದ್ದರೆ ಬೇರು ಆಳಕ್ಕೆ ಹೋಗಿ ತಂಪು ಹುಡುಕುತ್ತದೆ, ಕುಂಡದಲ್ಲಿ ಎಲ್ಲಿಗೆ ಹೋದೀತು? ಪಶ್ಚಿಮದ ಬಿಸಿಲಿಗೆ ಕುಂಡದ ಗೋಡೆ ಕಾದು ಬೇರು ಬೇಯುತ್ತದೆ. ಮಣ್ಣಿನ ಕುಂಡ ಬೆವರುತ್ತದೆ, ನಮ್ಮ ನೀರಿನ ಹೂಜಿಯ ಹಾಗೆ, ಅದರಿಂದ ಸ್ವಲ್ಪ ತಂಪು. ಕಪ್ಪು ಪ್ಲಾಸ್ಟಿಕ್ ಕುಂಡಕ್ಕೆ ಆ ಗುಣ ಇಲ್ಲ. ರೋಸ್ಮರಿ, ಲ್ಯಾವೆಂಡರ್‌ಗೆ ಇನ್ನೊಂದು ಅಪಾಯ ಚಳಿಗಾಲದ ಮಳೆ. ಕುಂಡದ ತಳದಲ್ಲಿ ನೀರು ನಿಂತರೆ ಬಾಯಾರಿಕೆಗೆ ಹೆದರದ ಗಿಡ ಕೊಳೆತು ಸಾಯುತ್ತದೆ.

ಬಾಕ್ಸ್ ಎಂಬ ಗಿಡವನ್ನು ಕತ್ತರಿಸಿ ಚೆಂಡು, ಗೋಪುರ ಮಾಡುವ ಪದ್ಧತಿ ಈ ತೋಟಗಳಲ್ಲಿ ಹಳೆಯದು. ಆದರೆ ಪೂರ್ವ ಏಷ್ಯಾದ ಒಂದು ಪತಂಗ 2007ರ ಹೊತ್ತಿಗೆ ಯುರೋಪಿಗೆ ಬಂದು ಅದರ ಎಲೆ ಬೋಳಿಸುತ್ತಿದೆ. ಈಗ ಹೊಸದಾಗಿ ನೆಡುವವರಿಗೆ ಮಿರ್ಟಲ್ ಮೇಲು. ಎಲೆ ಚಿಕ್ಕದು, ಕತ್ತರಿಗೆ ಬಗ್ಗುತ್ತದೆ, ಬಿಳಿ ಹೂವಿನ ಪರಿಮಳ ಬೇರೆ. ಕಣಗಿಲೆ ಬಿಸಿಲಿಗೆ ಗಟ್ಟಿ, ಆದರೆ ಎಲೆ, ಕಡ್ಡಿ ಎಲ್ಲ ವಿಷ. ಮನೆಯಲ್ಲಿ ಪುಟ್ಟ ಮಕ್ಕಳು, ನಾಯಿ ಇದ್ದರೆ ಕೈಗೆಟುಕುವ ಕುಂಡದಲ್ಲಿ ಇಡಬೇಡಿ.

ಸ್ಯಾನ್ ಹೋಸೆ, ಫ್ರೀಮಾಂಟ್, ಪರ್ತ್, ಅಡಿಲೇಡ್ ಕಡೆ ಇರುವ ಕನ್ನಡಿಗರೇ, ಇದು ನಿಮಗೇ ಹೇಳಿದ್ದು. ನೀವಿರುವುದೂ ಇದೇ ಹವೆಯಲ್ಲಿ. ಊರಿನ ನೆನಪಿಗೆ ನೀವು ಸಾಕುವ ಮಲ್ಲಿಗೆ, ಕರಿಬೇವು ಕೋಸಿಮೊನ ಪಂಗಡಕ್ಕೆ ಸೇರಿದವು. ಕುಂಡದಲ್ಲೇ ಇರಲಿ, ಹಿಮದ ರಾತ್ರಿ ಗ್ಯಾರೇಜಿಗೆ ಬರಲಿ. ದಾಳಿಂಬೆ, ರೋಸ್ಮರಿಯನ್ನು ಸ್ವಂತ ಹಿತ್ತಲಿದ್ದರೆ ನೆಲಕ್ಕೆ ಬಿಟ್ಟುಬಿಡಿ. ಇನ್ನೊಂದು: ಕ್ಯಾಲಿಫೋರ್ನಿಯಾದಲ್ಲಿ ನಿಂಬೆ ಜಾತಿಯ ಗಿಡ, ಕರಿಬೇವಿನ ಗಿಡಗಳನ್ನು ಒಂದು ಪ್ರದೇಶದಿಂದ ಇನ್ನೊಂದಕ್ಕೆ ಒಯ್ಯುವುದರ ಮೇಲೆ ಕ್ವಾರಂಟೈನ್ ನಿರ್ಬಂಧಗಳಿವೆ, ಒಂದು ಕೀಟ ಹರಡುವ ರೋಗದ ಕಾರಣಕ್ಕೆ. ಸ್ನೇಹಿತರ ಮನೆಯ ಸಸಿ ಕಾರಿನಲ್ಲಿ ಹಾಕಿಕೊಂಡು ಬರುವ ಮೊದಲು ವಿಚಾರಿಸಿ.

6/6

ಕೊನೆಯ ಫೋಟೊದಲ್ಲಿರುವುದು ಒಂದೇ ಹಣ್ಣು. ಒಂದು ಪಟ್ಟೆ ಕಿತ್ತಳೆಯದು, ಪಕ್ಕದ ಪಟ್ಟೆ ಗಂಟುಗಂಟಾದ ಮಾದಳದ್ದು. ಎಡಿಟ್ ಮಾಡಿದ್ದಲ್ಲ.

1644ರಲ್ಲಿ ಫ್ಲಾರೆನ್ಸ್ ಬಳಿಯ ಒಂದು ತೋಟದಲ್ಲಿ ಕಸಿ ಕಟ್ಟಿದ ಕಡೆ ಒಂದು ವಿಚಿತ್ರ ಚಿಗುರು ಬಂತು. ಅದರಲ್ಲಿ ಹುಳಿ ಕಿತ್ತಳೆ, ಮಾದಳ, ಎರಡೂ ಬೆರೆತ ಹಣ್ಣು, ಮೂರೂ ಬಿಟ್ಟವು. ತೋಟಗಾರ ಮೊದಲು ಇದು ತನ್ನ ಕೈಚಳಕ ಅಂದನಂತೆ, ಆಮೇಲೆ ತಾನಾಗಿ ಬಂದದ್ದೆಂದು ಒಪ್ಪಿದನಂತೆ. 1674ರಲ್ಲಿ ಪಿಯೆತ್ರೊ ನಾತಿ ಎಂಬ ಸಸ್ಯಶಾಸ್ತ್ರಜ್ಞ ಅದನ್ನು ವಿವರಿಸಿ ಪುಸ್ತಕ ಬರೆದ. ಹೆಸರು ‘ಬಿತ್ಸಾರಿಯಾ’, ವಿಚಿತ್ರ ಎಂದೇ ಅರ್ಥ. 1868ರಲ್ಲಿ ಡಾರ್ವಿನ್ ಕೂಡ ಇದರ ಬಗ್ಗೆ ತಲೆ ಕೆಡಿಸಿಕೊಂಡಿದ್ದ. ಎರಡು ಗಿಡಗಳ ಜೀವಕೋಶ ಬೆರೆಯದೆ, ಒಂದರ ಪಕ್ಕ ಒಂದು ಒಂದೇ ಕೊಂಬೆಯಲ್ಲಿ ಬೆಳೆಯುವುದೇ ಇದರ ಗುಟ್ಟು ಎಂಬುದು ಇಪ್ಪತ್ತನೇ ಶತಮಾನದಲ್ಲಷ್ಟೇ ತಿಳಿಯಿತು.

ಮೂರನೇ ಕೋಸಿಮೊ ತನ್ನ ತೋಟಗಳ ನಿಂಬೆ ಜಾತಿಯ ಹಣ್ಣುಗಳನ್ನೆಲ್ಲ ಬಾರ್ತೊಲೊಮೆಯೊ ಬಿಂಬಿ ಎಂಬ ಚಿತ್ರಕಾರನಿಂದ 1715ರಲ್ಲಿ ದೊಡ್ಡ ಕ್ಯಾನ್ವಾಸುಗಳ ಮೇಲೆ ಬರೆಸಿದ. ನೂರಕ್ಕೂ ಹೆಚ್ಚು ಬಗೆ, ಪ್ರತಿಯೊಂದಕ್ಕೂ ಸಂಖ್ಯೆ, ಕೆಳಗೆ ಹೆಸರು. ಅವನ ಮಗ ಜಾನ್ ಗಾಸ್ತೊನೆ 1737ರಲ್ಲಿ ಮಕ್ಕಳಿಲ್ಲದೆ ಸತ್ತ, ಮೆಡಿಚಿಗಳ ಆಳ್ವಿಕೆ ಮುಗಿಯಿತು. ಅದೇ ವರ್ಷ ಅವನ ಅಕ್ಕ ಅನ್ನಾ ಮರಿಯಾ ಲೂಯಿಸಾ ಹೊಸ ದೊರೆಗಳ ಜೊತೆ ಕರಾರು ಮಾಡಿಕೊಂಡಳು: ಮನೆತನದ ಕಲಾಕೃತಿಗಳು ಫ್ಲಾರೆನ್ಸ್ ಬಿಟ್ಟು ಹೋಗಕೂಡದು. ಬಿಂಬಿಯ ಚಿತ್ರಗಳು ಇವತ್ತಿಗೂ ಅಲ್ಲಿಗೆ ಹತ್ತಿರದ ಪೊಜ್ಜೊ ಆ ಕಾಯಾನೊ ಅರಮನೆಯಲ್ಲಿವೆ. ಆದರೆ ಗಿಡ ಉಳಿಯಲು ಕರಾರು ಸಾಲದು. ಪ್ರತಿ ಆಗಸ್ಟ್ ನೀರು, ಪ್ರತಿ ಅಕ್ಟೋಬರ್ ನಾಲ್ಕು ಜನ, ಕೆಲವು ವರ್ಷಕ್ಕೊಮ್ಮೆ ಹೊಸ ಮಣ್ಣು. ಎಷ್ಟೋ ಬಗೆಗಳು ಕಾಲಕ್ರಮದಲ್ಲಿ ಹೋದವು. ಬಿತ್ಸಾರಿಯಾ ಕೂಡ ಹೋಗೇಬಿಟ್ಟಿತು ಎಂದು ಎಲ್ಲರೂ ಅಂದುಕೊಂಡಿದ್ದರು.

ಇಪ್ಪತ್ತನೇ ಶತಮಾನದ ಉತ್ತರಾರ್ಧದಲ್ಲಿ ಕಾಸ್ಟೆಲ್ಲೊದ ಮುಖ್ಯ ತೋಟಗಾರ ಪಾವ್ಲೊ ಗಾಲೆಯೊತ್ತಿ ಅದನ್ನು ಮತ್ತೆ ಪತ್ತೆ ಮಾಡಿದರು. ಈ ಗಿಡವನ್ನು ಬೀಜದಿಂದ ಮಾಡಲಾಗುವುದಿಲ್ಲ, ಬೀಜ ಹಾಕಿದರೆ ವಿಚಿತ್ರ ಹೋಗಿ ಮಾಮೂಲಿ ಗಿಡ ಬರುತ್ತದೆ. ಕೊಂಬೆಯಿಂದ ಕೊಂಬೆಗೆ ಕಸಿ ಕಟ್ಟುತ್ತಾ ಬರಬೇಕು. ಅಂದರೆ ಇವತ್ತು ಕಾಸ್ಟೆಲ್ಲೊದಲ್ಲಿ ನೀವು ನೋಡುವ ಬಿತ್ಸಾರಿಯಾ 1644ರ ಆ ಚಿಗುರಿನ ತುಂಡೇ, ಕುಂಡದಿಂದ ಕುಂಡಕ್ಕೆ ದಾಟಿ ಬಂದದ್ದು. ಅಲ್ಲಿಗೆ ಹೋಗುವುದಿದ್ದರೆ ಮೇ ನಂತರ ಹೋಗಿ. ಅದಕ್ಕೂ ಮೊದಲು ಹೋದರೆ ಕುಂಡಗಳೆಲ್ಲ ಇನ್ನೂ ಒಳಗೇ ಇರುತ್ತವೆ.